ಧೂಳು ಇರುವ ಜಾಗ, ಉಸಿರು ಇರುವ ಜಾಗ

ಅಮ್ಮ ಮಲೆನಾಡಿನ ಸಾಗರದಿಂದ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಟೆಕ್ಸಾಸ್‌ನ ಆಸ್ಟಿನ್ ಹೊರವಲಯದಲ್ಲಿ ನಮ್ಮ ಮನೆ. ಬಂದ ಮೊದಲ ವಾರದಲ್ಲೇ ಅವಳ ಕಣ್ಣು ನಡುಮನೆಯ ಚಾವಣಿಯಲ್ಲಿರುವ ದೊಡ್ಡ ಜಾಲರಿಯ ಮೇಲೆ ಬಿತ್ತು. ಬಿಳಿ ಪಟ್ಟಿಗಳ ಅಂಚಿನಲ್ಲಿ ಬೂದು ಬಣ್ಣದ ಧೂಳು ಎಳೆ ಎಳೆಯಾಗಿ ಅಂಟಿಕೊಂಡಿತ್ತು, ಎಸಿ ಶುರುವಾದಾಗಲೆಲ್ಲ ಸಣ್ಣಗೆ ನಡುಗುತ್ತಿತ್ತು. ಸ್ಟೂಲು ಹತ್ತಿ ಬೆರಳಿನಲ್ಲಿ ಒರೆಸಿ ನನ್ನ ಮುಂದೆ ಹಿಡಿದಳು. "ಮಗು ರಾತ್ರಿಯಿಡೀ ಕುಡಿಯೋದು ಈ ಕೊಳವೆ ಗಾಳೀನೇ ಅಲ್ವೇನೋ? ಇದನ್ನ ಯಾರು ತೊಳೀತಾರೆ?"

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಅದರ ಕೊರಳಿಗೆ ಹಿಂಡ್ಲೆ ಬಳ್ಳಿ ಸುತ್ತುವವರೆಗೆ ಕೂರದವಳು ಅವಳು. ಮನೆಯ ಒಂದು ಭಾಗವನ್ನು ಕಟ್ಟಿದ ದಿನದಿಂದ ಯಾರೂ ಮುಟ್ಟಿಲ್ಲ ಎಂಬುದೇ ಅವಳಿಗೆ ತಡೆಯಲಾಗದ ಮಾತು. ಅದೇ ವಾರ ಅಂಚೆಪೆಟ್ಟಿಗೆಗೆ ಒಂದು ಕೂಪನ್ ಬಂತು: 99 ಡಾಲರಿಗೆ ಇಡೀ ಮನೆಯ ಏರ್ ಡಕ್ಟ್ ಕ್ಲೀನಿಂಗ್, ಅಂದರೆ ಗಾಳಿ ಕೊಳವೆಗಳ ಶುಚಿ. ಕರೆಸಿದೆ. ಬಂದ ಯುವಕ ಫೋನನ್ನು ಕೋಣೆಗೆ ಗಾಳಿ ಬಿಡುವ ಒಂದು ವೆಂಟಿನೊಳಗೆ ತೂರಿಸಿ ಚಿತ್ರ ತೆಗೆದು, ಕಪ್ಪಗೆ ಕಂಡದ್ದನ್ನು ತೋರಿಸಿ, "ಇದು ಬೂಷ್ಟು, ಔಷಧಿ ಹೊಡೆಯಬೇಕು" ಅಂದ. 99 ಇದ್ದದ್ದು 900 ದಾಟಿತು. ಯೋಚಿಸಿ ಹೇಳುತ್ತೇನೆ ಅಂದಾಗ ಅಲ್ಲೇ ನಿಂತು 700ಕ್ಕೆ, ಬಾಗಿಲ ಬಳಿ 500ಕ್ಕೆ ಇಳಿದ. ಮಗುವಿನ ಉಸಿರಿನ ವಿಷಯವಾದ್ದರಿಂದ ಆ ಐದು ನಿಮಿಷ ನನಗೆ ನಿಜವಾಗಿಯೂ ಕಷ್ಟವಾಯಿತು. ಕಳಿಸಿಕೊಟ್ಟೆ. ಕಳಿಸಿದ್ದು ಸರಿಯೋ ತಪ್ಪೋ ಎಂದು ತಿಳಿದುಕೊಳ್ಳಲು ಹೊರಟಾಗ ಎದುರಾದ ಪ್ರಶ್ನೆ ಡಕ್ಟಿಗಿಂತ ದೊಡ್ಡದಿತ್ತು. ನಮ್ಮ ಕಣ್ಣಿಗೆ ಬೀಳದ ಜಾಗದ ಕೊಳೆ ತೆಗೆಸಲು ಹಣ ಕೊಡಬೇಕೇ ಬೇಡವೇ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು?

ಮೊದಲು ಗಾಳಿ ಓಡಾಡುವ ದಾರಿ ನೋಡಿ. ಅಮೆರಿಕದ ಹೆಚ್ಚಿನ ಮನೆಗಳಲ್ಲಿ ಒಂದೇ ಬ್ಲೋಯರ್ ಇಡೀ ಮನೆಯ ಗಾಳಿಯನ್ನು ದೊಡ್ಡ ಜಾಲರಿಯ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಗಾಳಿ ಫಿಲ್ಟರ್ ದಾಟಿ, ತಂಪು ಮಾಡುವ ಕಾಯಿಲ್ ಹಾಯ್ದು, ಟೆಕ್ಸಾಸ್‌ನಲ್ಲಿ ಹೆಚ್ಚಾಗಿ ಅಟ್ಟದಲ್ಲಿ ಹಬ್ಬಿರುವ ಕೊಳವೆಗಳಲ್ಲಿ ಕವಲೊಡೆದು ಒಂದೊಂದು ಕೋಣೆಗೂ ಇಳಿಯುತ್ತದೆ. ಅಮ್ಮ ಬೆರಳಿಟ್ಟದ್ದು ಎಳೆದುಕೊಳ್ಳುವ ಜಾಲರಿಯ ಮೇಲೆ. ಅಲ್ಲಿದ್ದ ಧೂಳು ಕೊಳವೆಯಿಂದ ಬಂದದ್ದಲ್ಲ, ನಮ್ಮ ಕೋಣೆಯಿಂದ ಫಿಲ್ಟರಿನ ಕಡೆಗೆ ಹೊರಟು ದಾರಿಯಲ್ಲಿ ಸಿಕ್ಕಿಕೊಂಡದ್ದು. ರತ್ನಗಂಬಳಿಯ ನವಿರು, ಬಟ್ಟೆಯ ಎಳೆ, ನಮ್ಮದೇ ಚರ್ಮದ ಪುಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1997ರಲ್ಲೇ ಈ ವಿಷಯದ ಮೇಲೆ ಸಾಮಾನ್ಯರಿಗಾಗಿ ಒಂದು ಕೈಪಿಡಿ ತಂದಿದೆ. ಜಾಲರಿ ಧೂಳಾಗುವುದು ಸಹಜ, ಅದು ಡಕ್ಟ್ ಕೆಟ್ಟಿರುವುದರ ಗುರುತಲ್ಲ, ಜಾಲರಿಯನ್ನು ಒರೆಸಿದರೆ ಆಯಿತು ಎಂದು ಅದರಲ್ಲಿ ನೇರವಾಗಿಯೇ ಇದೆ.

ಕೈಪಿಡಿ ಅಷ್ಟಕ್ಕೆ ನಿಲ್ಲುವುದಿಲ್ಲ. ಡಕ್ಟ್ ತೊಳೆಸಿದ್ದರಿಂದ ಕಾಯಿಲೆ ತಪ್ಪಿತು ಎಂದು ತೋರಿಸಿಕೊಟ್ಟ ಅಧ್ಯಯನವಿಲ್ಲ ಎನ್ನುತ್ತದೆ. ಕೊಳೆಯಾದ ಡಕ್ಟಿನಿಂದ ಮನೆಯ ಗಾಳಿಯಲ್ಲಿ ಕಣಗಳು ಹೆಚ್ಚುತ್ತವೆ ಎಂಬುದೂ ಖಚಿತವಾಗಿ ಸಾಬೀತಾಗಿಲ್ಲ ಎನ್ನುತ್ತದೆ. ಕೊಳವೆಯ ಗೋಡೆಗೆ ಕೂತ ಧೂಳಿನ ಬಹುಪಾಲು ಅಲ್ಲೇ ಅಂಟಿಕೊಂಡಿರುತ್ತದೆ, ಕೋಣೆಗೆ ಇಳಿಯಲೇಬೇಕೆಂದಿಲ್ಲ. ಅಟ್ಟದ ತೊಲೆಯ ಮೇಲೆ ವರ್ಷಗಟ್ಟಲೆ ಕೂತ ಧೂಳು ನಮ್ಮ ಅನ್ನದ ತಟ್ಟೆಗೆ ಬೀಳದಿದ್ದಂತೆ.

ನನಗೆ ಮುಖ್ಯವಾಗಿ ಕಂಡದ್ದು ಇದು. ಕೊಳೆ ಬೇರೆ, ಕೆಡುಕು ಬೇರೆ. ಕೊಳೆ ಕೆಡುಕಾಗಬೇಕಾದರೆ ಅದು ಇರುವ ಜಾಗದಿಂದ ಉಸಿರಿನ ಜಾಗಕ್ಕೆ ಬರಲು ಒಂದು ದಾರಿ ಬೇಕು. ಆ ದಾರಿ ಯಾವುದು ಎಂದು ಕೇಳದೆ ಚಿತ್ರ ನೋಡಿ ಹೆದರುವವರಿಗೆ ಎಷ್ಟು ಹಣ ಸುರಿದರೂ ಸಾಲದು, ಯಾಕೆಂದರೆ ಮುಚ್ಚಿದ ಜಾಗಗಳು ಮನೆಯಲ್ಲಿ ಎಷ್ಟೋ ಇರುತ್ತವೆ. ಫ್ರಿಜ್ಜಿನ ಹಿಂಬದಿ, ಗೋಡೆಯ ಒಳಗು, ಮಂಚದ ಕೆಳಗಿನ ಪೆಟ್ಟಿಗೆಯ ತಳ, ಎಲ್ಲಿ ಫೋನು ತೂರಿಸಿದರೂ ಕಪ್ಪು ಚಿತ್ರವೇ ಬರುತ್ತದೆ.

ಕೆಡುಕು ಸಾಬೀತಾಗಿಲ್ಲ ಎಂದರೆ ಕೆಡುಕೇ ಇಲ್ಲ ಎಂದಾಗುವುದಿಲ್ಲವಲ್ಲ, ತೊಳೆಸಿಬಿಟ್ಟರೆ ನಷ್ಟವೇನು ಎಂದು ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ತೊಳೆಸುವುದಕ್ಕೂ ಅದರದೇ ಅಪಾಯಗಳಿವೆ ಎಂಬುದೇ ನನ್ನ ಉತ್ತರ. ಇಲ್ಲಿನ ಅಟ್ಟಗಳಲ್ಲಿ ಹೆಚ್ಚಾಗಿ ಇರುವುದು ಫ್ಲೆಕ್ಸ್ ಡಕ್ಟ್. ತಂತಿಯ ಸುರುಳಿಗೆ ತೆಳು ಪ್ಲಾಸ್ಟಿಕ್ ಹೊದಿಸಿ, ಮೇಲೆ ಫೈಬರ್‌ಗ್ಲಾಸ್ ಸುತ್ತಿರುತ್ತಾರೆ. ಯಂತ್ರದ ಬ್ರಷ್ಷನ್ನು ಒರಟಾಗಿ ತಿರುಗಿಸಿದರೆ ಒಳಪದರ ಹರಿಯುತ್ತದೆ, ಸೇರುವೆಗಳು ಸಡಿಲವಾಗುತ್ತವೆ. ಬಲವಾದ ವ್ಯಾಕ್ಯೂಮ್ ಇಲ್ಲದೆ ಬರಿದೇ ಕೆದಕಿದರೆ ಸುಮ್ಮನೆ ಅಂಟಿಕೊಂಡಿದ್ದ ಧೂಳು ಕೋಣೆಗೆ ಇಳಿಯುತ್ತದೆ. ಆ ಯುವಕ ಹೇಳಿದ ಔಷಧಿಯ ವಿಷಯದಲ್ಲಂತೂ ಕೈಪಿಡಿ ಇನ್ನೂ ಎಚ್ಚರದಿಂದ ಮಾತಾಡುತ್ತದೆ. ಒಳಗೆ ಫೈಬರ್‌ಗ್ಲಾಸ್ ಇರುವ ಡಕ್ಟಿಗೆ ಹೊಡೆಯಲೆಂದು ಆ ಸಂಸ್ಥೆ ಯಾವ ಕ್ರಿಮಿನಾಶಕವನ್ನೂ ನೋಂದಾಯಿಸಿಲ್ಲ. ಫೈಬರ್‌ಗ್ಲಾಸ್ ನೆನೆದು ಬೂಷ್ಟು ಹಿಡಿದಿದ್ದರೆ ಅದನ್ನು ತೊಳೆಯಲಾಗದು, ಕಿತ್ತು ಬೇರೆ ಹಾಕಬೇಕು. ಜೊತೆಗೆ ತೇವ ಬಂದ ಕಾರಣವನ್ನೂ ಸರಿಪಡಿಸಬೇಕು, ಇಲ್ಲವಾದರೆ ಬೂಷ್ಟು ಮರಳಿ ಬರುತ್ತದೆ. ಇನ್ನು ಕಪ್ಪಾಗಿರುವುದೆಲ್ಲ ಬೂಷ್ಟೂ ಅಲ್ಲ. ಫೋನಿನ ಚಿತ್ರದಿಂದ ಅದನ್ನು ನಿರ್ಣಯಿಸಲು ಬರುವುದಿಲ್ಲ, ಪ್ರಯೋಗಾಲಯಕ್ಕೆ ಕಳಿಸಿ ನೋಡಬೇಕಾಗುತ್ತದೆ.

ಹಾಗಂತ ಡಕ್ಟ್ ತೊಳೆಯುವ ಕಸುಬೇ ಸುಳ್ಳು ಎಂದು ನಾನು ಹೇಳಲಾರೆ. ಕೊಳವೆಯೊಳಗೆ ಕಣ್ಣಿಗೆ ಕಾಣುವಂತೆ ಬೂಷ್ಟು ಹಬ್ಬಿದ್ದರೆ, ಇಲಿಗಳು ಗೂಡು ಕಟ್ಟಿದ್ದರೆ, ಗೋಡೆ ಒಡೆದು ಕಟ್ಟಿಸಿದಾಗ ಜಿಪ್ಸಮ್ ಪುಡಿ ತುಂಬಿ ವೆಂಟಿನಿಂದ ಉದುರುತ್ತಿದ್ದರೆ ತೊಳೆಸಲೇಬೇಕು. ಆ ಕೆಲಸವನ್ನು ಸರಿಯಾಗಿ ಮಾಡುವುದು ನಿಜಕ್ಕೂ ಕಷ್ಟದ್ದು. ಡಕ್ಟಿಗೆ ತೂತು ಕೊರೆದು, ಟ್ರಕ್ಕಿನ ಮೇಲಿರುವ ವ್ಯಾಕ್ಯೂಮಿನ ದಪ್ಪ ಪೈಪು ಜೋಡಿಸಿ, ಇಡೀ ಕೊಳವೆಯ ಗಾಳಿಯನ್ನು ಹೊರಕ್ಕೆ ಎಳೆಯುತ್ತಲೇ ಒಂದೊಂದು ಕವಲನ್ನೂ ಝಾಡಿಸಬೇಕು. ಬ್ಲೋಯರ್, ಕಾಯಿಲ್, ನೀರು ಇಳಿಯುವ ತಟ್ಟೆ ಎಲ್ಲವನ್ನೂ ಬಿಚ್ಚಿ ತೊಳೆಯಬೇಕು, ಯಾಕೆಂದರೆ ಒಂದನ್ನು ಬಿಟ್ಟರೂ ಅಲ್ಲಿಂದ ಮತ್ತೆ ಎಲ್ಲ ಕಡೆ ಹರಡುತ್ತದೆ. ಕೊರೆದ ತೂತನ್ನು ಗಾಳಿ ಸೋರದಂತೆ ಮುಚ್ಚಬೇಕು. ಬೇಸಿಗೆಯಲ್ಲಿ ಇಲ್ಲಿನ ಅಟ್ಟದೊಳಗೆ ಹತ್ತು ನಿಮಿಷ ಕೂತರೆ ಅಂಗಿ ತೊಯ್ದುಹೋಗುತ್ತದೆ. ಅಲ್ಲಿ ಹೊಟ್ಟೆಯ ಮೇಲೆ ತೆವಳಿ ಇಷ್ಟನ್ನೂ ಮಾಡುವವರ ಶ್ರಮಕ್ಕೆ ನೂರಾರು ಡಾಲರ್ ಕೊಡುವುದು ಹೆಚ್ಚಲ್ಲ. ಆ ಕೈಪಿಡಿಯೇ ಒಂದು ವ್ಯವಸ್ಥೆಗೆ 450ರಿಂದ 1000 ಡಾಲರ್ ಎಂದು ಹೇಳಿದೆ. 99 ಡಾಲರಿನಲ್ಲಿ ಆ ಕೆಲಸ ಆಗಲಾರದು. ಅಷ್ಟು ಕಡಿಮೆ ಬೆಲೆ ಮನೆಯೊಳಗೆ ಕಾಲಿಡಲು ಮಾತ್ರ, ಆಮೇಲಿನ ಲೆಕ್ಕ ಹೆದರಿಕೆಯದು.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಸಂಗತಿ. ಪರೀಕ್ಷೆ ಮಾಡಿದವನೂ, ರೋಗ ಹೇಳಿದವನೂ, ಮದ್ದು ಮಾರಿದವನೂ ಅಲ್ಲಿ ಒಬ್ಬನೇ ಆಗಿದ್ದ. ಬೆಂಗಳೂರಿನಲ್ಲಿ ಡಕ್ಟ್ ಇರುವ ಮನೆಗಳು ಅಪರೂಪ. ಆದರೂ ಸ್ಪ್ಲಿಟ್ ಎಸಿ ಸರ್ವಿಸಿಗೆ ಬಂದವರು "ಗ್ಯಾಸ್ ಕಮ್ಮಿ ಇದೆ, ತುಂಬಿಸಬೇಕು ಸಾರ್" ಅಂದಾಗ ಕೊಟ್ಟು ಕಳಿಸಿದವರು ನಮ್ಮಲ್ಲಿ ಎಷ್ಟೋ ಜನ. ಎಸಿಯ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಸುಟ್ಟು ಖಾಲಿಯಾಗುವಂಥದ್ದಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ, ಸೋರುವುದನ್ನು ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಮಾತು. ನಮಗೆ ನೋಡಲಾಗದ ಜಾಗದ ವಿಷಯದಲ್ಲಿ ತೀರ್ಪು ಹೇಳುವವರು ಆ ತೀರ್ಪಿನಿಂದ ಸಂಪಾದಿಸುವವರೇ ಆಗಿದ್ದರೆ, ಅವರು ಒಳ್ಳೆಯವರಾಗಿದ್ದರೂ ಇನ್ನೊಬ್ಬರನ್ನು ಕೇಳುವುದು ನಮ್ಮ ಕರ್ತವ್ಯ. ಅದರಲ್ಲಿ ಅವರಿಗೆ ಅವಮಾನವೇನೂ ಇಲ್ಲ.

ಹಾಗಾದರೆ ನಮ್ಮ ಮನೆಯ ಧೂಳಿಗೆ ದಾರಿ ಯಾವುದು? ಮೊದಲನೆಯದು ಸೋರಿಕೆ. ಸಾಮಾನ್ಯ ಮನೆಯೊಂದರಲ್ಲಿ ಡಕ್ಟಿನೊಳಗೆ ಹರಿಯುವ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ಸೇರುವೆಗಳಲ್ಲೇ ಸೋರಿಹೋಗುತ್ತದೆ ಎಂಬುದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮದ ಅಂದಾಜು. ಗಾಳಿ ಎಳೆದುಕೊಳ್ಳುವ ಬದಿಯಲ್ಲಿ ಬಿರುಕಿದ್ದರೆ ಅಟ್ಟದ ಬಿಸಿಗಾಳಿಯೂ ಧೂಳೂ ಫೈಬರ್‌ಗ್ಲಾಸ್ ಎಳೆಯೂ ಒಳಗೆ ಬರುತ್ತವೆ. ಎಷ್ಟು ತೊಳೆಸಿದರೂ ಬಿರುಕು ಹಾಗೇ ಇದ್ದರೆ ಕೊಳವೆ ಮತ್ತೆ ತುಂಬುತ್ತದೆ. ಅಲ್ಲಿಗೆ ಬೇಕಾದ್ದು ಮ್ಯಾಸ್ಟಿಕ್ ಎಂಬ ಅಂಟು ಮತ್ತು ಅದನ್ನು ಬಳಿಯುವ ತಾಳ್ಮೆ. ಎರಡನೆಯದು ಫಿಲ್ಟರ್. ಬ್ಲೋಯರ್ ತಾಳಿಕೊಳ್ಳುವುದಾದರೆ ಮೆರ್ವ್ ಎಂಬ ಮಾಪನದಲ್ಲಿ 13ರ ದರ್ಜೆಯದನ್ನು ಹಾಕಿದರೆ 1ರಿಂದ 3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 85ಕ್ಕೆ ಕಡಿಮೆಯಿಲ್ಲದಷ್ಟನ್ನು ಅದು ಹಿಡಿಯುತ್ತದೆ. ಆದರೆ ಚೌಕಟ್ಟಿಗೂ ಫಿಲ್ಟರಿಗೂ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟರೆ ಗಾಳಿ ಆ ಸಂದಿಯಲ್ಲೇ ನುಗ್ಗುತ್ತದೆ. ನಮ್ಮಲ್ಲಿ ಆಗಿದ್ದು ಅದೇ.

ಮೂರನೆಯದು ಅಡುಗೆಮನೆ. 2018ರ ಜೂನ್‌ನಲ್ಲಿ ಇದೇ ಆಸ್ಟಿನ್‌ನಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಪರೀಕ್ಷಾ ಮನೆಯೊಂದರಲ್ಲಿ, ಮರೀನಾ ವ್ಯಾನ್ಸ್ ಮತ್ತು ಡೆಲ್ಫೀನ್ ಫಾರ್ಮರ್ ಅವರ ನೇತೃತ್ವದಲ್ಲಿ ವಿಜ್ಞಾನಿಗಳು ಉಪಕರಣಗಳನ್ನು ತುಂಬಿಕೊಂಡು ದಿನನಿತ್ಯದ ಅಡುಗೆ, ಗುಡಿಸುವುದು, ಒರೆಸುವುದು ಎಲ್ಲ ಮಾಡಿ ಅಳೆದರು. ಪ್ರಯೋಗಕ್ಕೆಂದೇ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅಡುಗೆ ಮಾಡಿದ ದಿನ ಒಳಗಿನ ಸೂಕ್ಷ್ಮ ಕಣಗಳು ಏರಿದ ಮಟ್ಟ, ಹೊರಗಿನ ಗಾಳಿಯಲ್ಲಾಗಿದ್ದರೆ ‘ಅತ್ಯಂತ ಅನಾರೋಗ್ಯಕರ’ ಎಂದು ವಾಯು ಗುಣಮಟ್ಟ ಸೂಚ್ಯಂಕ ಸಾರುವಂಥದ್ದು. ಅವರದು ಹುರಿದ ಟರ್ಕಿ, ನಮ್ಮದು ಹೊಗೆಯೇಳುವ ಎಣ್ಣೆಗೆ ಬೀಳುವ ಸಾಸಿವೆ, ಒಣಮೆಣಸು. ದಿನಕ್ಕೆ ಎರಡು ಸಲ ಒಗ್ಗರಣೆ ಹಾಕಿ, ದೇವರ ಮುಂದೆ ಊದುಬತ್ತಿ ಹಚ್ಚುವ ಮನೆಯಲ್ಲಿ ಕಣಗಳಿಗಾಗಿ ಡಕ್ಟಿನವರೆಗೆ ಹೋಗಿ ಹುಡುಕಬೇಕಾಗಿಲ್ಲ.

ನಿಜವಾಗಿ ತೊಳೆಸಬೇಕಾದ ಒಂದು ಕೊಳವೆ ನಮ್ಮ ಮನೆಯಲ್ಲಿತ್ತು. ಬಟ್ಟೆ ಒಣಗಿಸುವ ಡ್ರೈಯರಿನದು. ಅದರೊಳಗೆ ಸೇರುವ ಲಿಂಟ್, ಅಂದರೆ ಬಟ್ಟೆಯ ನವಿರು, ಹಿಂಜಿದ ಹತ್ತಿಯಂತೆ, ಕಿಡಿ ತಾಗಿದರೆ ಸಾಕು. ಅಮೆರಿಕದ ಅಗ್ನಿಶಾಮಕ ಆಡಳಿತದ ಲೆಕ್ಕದಲ್ಲಿ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು, ಅವುಗಳಿಗೆ ಮೊದಲ ಕಾರಣ ಶುಚಿ ಮಾಡದಿರುವುದು. ಡಕ್ಟಿನ ಧೂಳಿಗೆ ಹೆದರಿ ನೂರಾರು ಡಾಲರ್ ಕೊಡಬೇಕೇ ಎಂದು ಯೋಚಿಸಿದ್ದ ನಾನು ಏಳು ವರ್ಷ ಈ ಕೊಳವೆಯನ್ನು ಮುಟ್ಟಿರಲಿಲ್ಲ. ಡ್ರೈಯರನ್ನು ಎಳೆದು ನೋಡಿದರೆ ಕೊಳವೆಯ ಬಾಯಿ ಅರ್ಧ ಮುಚ್ಚಿತ್ತು. ಉದ್ದ ಬ್ರಷ್ಷಿನಲ್ಲಿ ಎಳೆದಷ್ಟೂ ಬಂತು, ಕೊನೆಗೆ ಒಂದು ಸಣ್ಣ ದಿಂಬಿಗೆ ಆಗುವಷ್ಟು. ಅಮ್ಮ ಅದನ್ನು ಕೈಯಲ್ಲಿ ಒತ್ತಿ ನೋಡಿದಳು, ಮಾತಾಡಲಿಲ್ಲ.

ಮರುದಿನ ಒಲೆಯ ಮೇಲಿನ ಹುಡ್ ಪರೀಕ್ಷಿಸಲು ಹೋದೆವು. ಎಷ್ಟೋ ಮನೆಗಳಲ್ಲಿ ಅದು ಹೊಗೆಯನ್ನು ಎಳೆದು, ಜಾಲರಿಯಲ್ಲಿ ಸೋಸಿ, ಮತ್ತೆ ಅಡುಗೆಮನೆಗೇ ಬಿಡುತ್ತದೆ. ನಮ್ಮದು ಹೊರಗೆ ಹೋಗುತ್ತದೆಂದು ನಂಬಿದ್ದೆ, ನೋಡಿರಲಿಲ್ಲ. ಅಮ್ಮ ಹಿತ್ತಲಿಗೆ ಹೋಗಿ ಗೋಡೆಯ ಮೇಲಿನ ಮುಚ್ಚಳದ ಕೆಳಗೆ ನಿಂತಳು. ನಾನು ಒಳಗೆ ಫ್ಯಾನು ಹಾಕಿ ಬಾಣಲೆಗೆ ಸಾಸಿವೆ, ಇಂಗು ಹಾಕಿದೆ. ಅರ್ಧ ನಿಮಿಷ ಸದ್ದಿಲ್ಲ. ಆಮೇಲೆ ಕಿಟಕಿಯಾಚೆಯಿಂದ ಅವಳ ದನಿ ಬಂತು: "ಮುಚ್ಚಳ ಎದ್ದಿದೆ ಕಣೋ. ಇಂಗಿನ ವಾಸನೆ ಪೂರಾ ಇಲ್ಲೇ ಬರ್ತಿದೆ."