ದೋಟಿಯ ತುದಿಗೂ ಬಾಣದ ಶಿಸ್ತು ಬೇಕು

ಮರ ಹತ್ತುವ ಕೊನೆಗಾರರು ಸಿಗದ ಈ ದಿನಗಳಲ್ಲಿ ನಮ್ಮ ಸಣ್ಣ ಬೆಳೆಗಾರರು ಕೊಯ್ಲಿಗೂ ಬೋರ್ಡೋ ಸಿಂಪಡಣೆಗೂ ಕಾರ್ಬನ್ ಫೈಬರ್ ದೋಟಿಯನ್ನು ಆಶ್ರಯಿಸುತ್ತಿರುವುದು ಸ್ವಾಗತಾರ್ಹ. ಆದರೆ ಹತ್ತಾರು ಸಾವಿರ ರೂಪಾಯಿ ತೆತ್ತು ಕೊಳ್ಳುವಾಗ ನಾವು ವಿಚಾರಿಸುವುದು ಅದರ ಉದ್ದ, ತೂಕ, ಬೆಲೆಗಳನ್ನು ಮಾತ್ರ. ಕತ್ತಿ ಕೂರುವ ತುದಿಯ ಜೋಡಣೆಯನ್ನು ನೋಡುವವರು ವಿರಳ. ಕೊಯ್ಯುವವನು ಮುಖ ಮೇಲೆತ್ತಿ ನಿಂತಿರುತ್ತಾನೆ. ಐವತ್ತು ಅಡಿ ಎತ್ತರದಲ್ಲಿ ಕತ್ತಿ ಕಳಚಿದರೆ ಗತಿಯೇನು?

ಈ ವಿಷಯದಲ್ಲಿ ಬಿಲ್ಲುಗಾರರಿಂದ ಕಲಿಯತಕ್ಕದ್ದಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಹಂದಿಯ ಕಾಟ ಎಷ್ಟಿದ್ದರೂ ಬಾಣ ಹೂಡಿರೆಂದು ನಾವು ಹೇಳುತ್ತಿಲ್ಲ. ಆದರೆ ಬಿಲ್ಲಿನ ಬೇಟೆಗೆ ಅನುಮತಿಯಿರುವ ಅಮೆರಿಕದಲ್ಲಿ ಇಂದು ಹೆಚ್ಚಾಗಿ ಬಳಸುವ ಬಾಣದ ಕಡ್ಡಿಯೂ ನಮ್ಮ ದೋಟಿಯಂತೆ ಕಾರ್ಬನ್ ಕೊಳವೆಯೇ. ತೆಳು ಕೊಳವೆಗೆ ನೇರವಾಗಿ ಥ್ರೆಡ್ ಹಾಕಿದರೆ ಸೀಳುತ್ತದೆ. ಆದುದರಿಂದ ಥ್ರೆಡ್ ಇರುವ ಅಲ್ಯೂಮಿನಿಯಂ ಬುಷ್ಷನ್ನು ಒಳಗೆ ಅಂಟಿಸಿ, ಅದಕ್ಕೆ ಅಲಗನ್ನು ತಿರುಗಿಸಿ ಕೂರಿಸುತ್ತಾರೆ. ಬುಷ್ಷನ್ನು ಮರಳು ಕಾಗದದಿಂದ ತರಿ ಮಾಡುವುದು, ಕೊಳವೆಯ ಒಳಮೈಯ ಧೂಳು ಜಿಡ್ಡುಗಳನ್ನು ಸ್ಪಿರಿಟ್ಟಿನಿಂದ ಒರೆಸುವುದು, ಎಪಾಕ್ಸಿ ಅಂಟು ಸವರಿ ತಿರುಗಿಸುತ್ತ ಒಳನೂಕುವುದು, ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಮುಟ್ಟದಿರುವುದು, ಇವು ಅವರ ಕ್ರಮ. ಕೊನೆಗೆ ಬಾಣವನ್ನು ಮೊನೆಯ ಮೇಲೆ ಬುಗುರಿಯಂತೆ ತಿರುಗಿಸುತ್ತಾರೆ. ತಲೆ ಓಲಾಡಿದರೆ ಜೋಡಣೆ ಸೊಟ್ಟ. ಅಂಥ ಬಾಣ ದಾರಿ ತಪ್ಪುತ್ತದೆ.

ದೋಟಿಗೂ ಇದೇ ನ್ಯಾಯ. ಕತ್ತಿಯ ಎಳೆತ ಕೊಳವೆಯ ನೇರಕ್ಕೆ ಬಾರದಿದ್ದರೆ ಪ್ರತಿ ಎಳೆತಕ್ಕೂ ದೋಟಿ ಕೈಯಲ್ಲಿ ತಿರುಚುತ್ತದೆ, ಜೋಡಣೆ ಸಡಿಲಾಗುತ್ತದೆ. ಬುಷ್ ಇರುವ ದೋಟಿಯಾದರೆ ಪರೀಕ್ಷೆ ಸುಲಭ. ಮೇಲಿನ ತುಂಡನ್ನು ಬಿಚ್ಚಿ, ಕತ್ತಿಯ ಬದಲು ನೇರವಾದ ಉದ್ದ ಬೋಲ್ಟ್ ಹಾಕಿ, ಎರಡು ಮಣೆಗಳ ಮೇಲಿಟ್ಟು ಉರುಳಿಸಿರಿ. ಬೋಲ್ಟ್ ಓಲಾಡಿದರೆ ದೋಷ ಕಣ್ಣಿಗೇ ಕಾಣುತ್ತದೆ. ಸಡಿಲಾಯಿತೆಂದು ಮೊಳೆ ಹೊಡೆಯುವುದು, ತೂತು ಕೊರೆಯುವುದು, ಬೆಂಕಿಗೆ ಹಿಡಿಯುವುದು ಸಲ್ಲದು. ಬಿದಿರಿಗೆ ನಡೆದ ಉಪಾಯ ಕಾರ್ಬನ್ನಿಗೆ ಮಾರಕ.

ಬಿಲ್ಲುಗಾರನಿಗಿಲ್ಲದ ಇನ್ನೊಂದು ಅಪಾಯ ನಮಗಿದೆ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಕಾಫಿಯ ನಡುವೆ ಅಡಿಕೆ ಇಟ್ಟ ತೋಟಗಳಲ್ಲಿ ನೆರಳಿನ ಮರಗಳು ತಂತಿಯನ್ನು ಮರೆಮಾಡುತ್ತವೆ. ತಂತಿಯ ಸಮೀಪ ದೋಟಿಯನ್ನು ಎತ್ತಲೇಕೂಡದು.

ಅಡಿಕೆಯ ಬೆಲೆ ಕುಸಿದು ಬೆಳೆಗಾರ ಕಂಗೆಟ್ಟಿದ್ದಾಗ, 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಬೆಲೆಯನ್ನು ಕಾಯಲು ಒಟ್ಟಾದ ಸಹಕಾರ ರಂಗ, ತೋಟದಲ್ಲಿ ದುಡಿಯುವವನ ಜೀವವನ್ನೂ ಕಾಯಬೇಕು. ದೋಟಿ ಮಾರುವ ಪ್ರತಿಯೊಂದು ಸಂಘವೂ ಬಿಡಿ ಬುಷ್, ತಕ್ಕ ಅಂಟು ಮತ್ತು ಜೋಡಣೆ ಬಲ್ಲ ಒಬ್ಬ ಕೆಲಸಗಾರನನ್ನು ಇಟ್ಟಿರಬೇಕು. ಕೊಯ್ಲಿಗೆ ಮುನ್ನ ಸದಸ್ಯರ ದೋಟಿಗಳನ್ನು ಒಂದು ದಿನ ಪರೀಕ್ಷಿಸಿ ಕೊಡಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಮುಂದಿನ ಮಹಾಸಭೆಯಲ್ಲಿ ಸದಸ್ಯ ಬಾಂಧವರು ಈ ಬೇಡಿಕೆಯನ್ನು ಮಂಡಿಸಬೇಕೆಂದು ನಮ್ಮ ವಿನಂತಿ.