ಹೈಟಿಯ ಹಳ್ಳಿಗೆ ನೆರವು: ನೀಲಿ ಪೆಟ್ಟಿಗೆ ಕೊನೆಗೆ ಬರಲಿ

ಹಂದಿ ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುವವರು ಸ್ವಲ್ಪ ತಾಳಿ. ಈ ವಾರ ಹಂದಿಯಿಂದಲೇ ಶುರು ಮಾಡಬೇಕಿದೆ.

ಕ್ಯೂಬಾ ದೇಶದ ಪಕ್ಕದಲ್ಲಿ ಒಂದು ದೊಡ್ಡ ದ್ವೀಪ ಇದೆ. ಅದರ ಪಶ್ಚಿಮದ ಮೂರನೇ ಒಂದು ಪಾಲು ಹೈಟಿ. ಗುಲಾಮರಾಗಿ ಕಬ್ಬಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಜನ ಫ್ರೆಂಚರನ್ನು ಸೋಲಿಸಿ 1804ರಲ್ಲಿ ಕಟ್ಟಿಕೊಂಡ ದೇಶ. ಒಂದು ಗುಡ್ಡ ಹತ್ತಿ ಇಳಿದರೆ ಇನ್ನೊಂದು ಗುಡ್ಡ. ಅಲ್ಲಿನ ಹಳ್ಳಿಗರ ಮನೆಯಲ್ಲಿ ಸಣ್ಣ ಕಪ್ಪು ಹಂದಿ ಇರುತ್ತಿತ್ತು. ಅದಕ್ಕೆ ಕೊಟ್ಟಿಗೆ ಬೇಡ, ಮೇವು ಕೊಳ್ಳಬೇಕಿಲ್ಲ. ಬಿದ್ದ ಮಾವಿನಹಣ್ಣು, ಅಡುಗೆಮನೆ ಕಸ, ಗದ್ದೆಯ ಹುಳ ತಿಂದು ಬೆಳೆಯುತ್ತಿತ್ತು. ಮಕ್ಕಳ ಶಾಲೆ ಫೀಸಿಗೆ, ಮನೆಯ ಸಾವಿಗೆ, ಮದುವೆಗೆ ಒಂದು ಹಂದಿ ಮಾರಿದರೆ ಆಯಿತು. ನಮ್ಮಲ್ಲಿ ಆಡು ಬಡವರ ಹಸು ಅಂತೀವಲ್ಲ, ಅವರಿಗೆ ಹಂದಿಯೇ ಬ್ಯಾಂಕು.

1970ರ ದಶಕದ ಕೊನೆಗೆ ಆಫ್ರಿಕನ್ ಹಂದಿ ಜ್ವರ ಬಂತು. ಅಮೆರಿಕದವರು ಮುಂದೆ ನಿಂತು ದುಡ್ಡು ಕೊಟ್ಟು, 1983ರ ಹೊತ್ತಿಗೆ ದೇಶದಲ್ಲಿ ಉಳಿದಿದ್ದ ಹಂದಿಗಳನ್ನೆಲ್ಲ ಕೊಲ್ಲಿಸಿ ಮುಗಿಸಿದರು. ಪರಿಹಾರ ಎಷ್ಟೋ ಜನರ ಕೈ ಸೇರಲೇ ಇಲ್ಲ. ಬದಲಿಗೆ ಅಮೆರಿಕದ ಅಯೋವಾದಿಂದ ಬಿಳಿ ಹಂದಿ ತಂದರು. ಅದಕ್ಕೆ ಸಿಮೆಂಟ್ ನೆಲ ಬೇಕು, ಸೂರು ಬೇಕು, ಶುದ್ಧ ನೀರು ಬೇಕು, ಚೀಲದಲ್ಲಿ ಬರುವ ಫೀಡ್ ಬೇಕು. ಸಾಕುವವರ ಮನೆಗೇ ಅಷ್ಟು ಅನುಕೂಲ ಇರಲಿಲ್ಲ! ಜನ ಅದಕ್ಕೆ ನಾಲ್ಕು ಕಾಲಿನ ರಾಜಕುಮಾರ ಅಂತ ಹೆಸರಿಟ್ಟರು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ರೋಗಕ್ಕೆ ಆಗ ಲಸಿಕೆ ಇರಲಿಲ್ಲ. ಕೊಲ್ಲುವ ನಿರ್ಧಾರಕ್ಕೆ ಒಂದು ಆಧಾರವಂತೂ ಇತ್ತು. ನನ್ನ ತಕರಾರು ಕೊಂದ ಮೇಲೆ ಏನಾಯಿತು ಅನ್ನೋದರ ಬಗ್ಗೆ. ಯಾವ ತಳಿ ತರಬೇಕು, ಯಾರಿಗೆ ಮೊದಲು ಕೊಡಬೇಕು ಅಂತ ಹಂದಿ ಸಾಕುವವರನ್ನೇ ಕೇಳಿದ್ದರೆ ಅವರು ಐದು ನಿಮಿಷದಲ್ಲಿ ಉತ್ತರ ಹೇಳುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಹಳೇ ಹಂದಿಯ ಗುಣಕ್ಕೆ ಹತ್ತಿರದ ಗಟ್ಟಿ ಮಿಶ್ರತಳಿ ತಂದು ಹಂಚಿದರು, ನಿಜ. ಅಷ್ಟರಲ್ಲಿ ಎಷ್ಟು ಮಕ್ಕಳ ಶಾಲೆ ತಪ್ಪಿತ್ತೋ.

ಕೃಷಿ ಸಲಹೆ ಓದಲು ಬಂದ ನಿಮಗೆ ಹೈಟಿ ಯಾಕೆ ಅನ್ನಿಸಬಹುದು. ಭೂಕಂಪ, ಚಂಡಮಾರುತ, ಬಂದೂಕು ಹಿಡಿದ ಗುಂಪುಗಳು ಅಂತ ಆ ದೇಶದ ಸುದ್ದಿ ಬಂದಾಗಲೆಲ್ಲ ನಮ್ಮ ಫೋನಿಗೂ ದೇಣಿಗೆಯ ಲಿಂಕ್ ಬರುತ್ತೆ. ಕೊಡೋದು ತಪ್ಪಲ್ಲ. ಆದರೆ ಕೊಟ್ಟದ್ದು ಎಲ್ಲಿಗೆ ಹೋಗುತ್ತೆ ಅಂತ ನೋಡಿ. 2010ರ ಜನವರಿ 12ರ ಭೂಕಂಪದ ನಂತರ ದೇಶದೇಶಗಳಿಂದ ಬಂದ ಸುಮಾರು 240 ಕೋಟಿ ಡಾಲರ್ ತುರ್ತು ನೆರವಿನಲ್ಲಿ ಹೈಟಿ ಸರ್ಕಾರದ ಕೈಗೆ ಬಂದದ್ದು ಶೇ. 1ರ ಆಸುಪಾಸು. ಹೈಟಿಯವರೇ ಕಟ್ಟಿಕೊಂಡ ಸಂಸ್ಥೆಗಳಿಗೆ ಅದರ ಅರ್ಧದಷ್ಟೂ ಸಿಗಲಿಲ್ಲ. ದೊಡ್ಡ ಪಾಲು ಕೊಟ್ಟ ದೇಶಗಳ ಸ್ವಂತ ಇಲಾಖೆ, ಸೈನ್ಯಗಳಿಗೇ ವಾಪಸ್ ಹೋಯಿತು. ಉಳಿದದ್ದು ಹೆಚ್ಚಾಗಿ ವಿಶ್ವಸಂಸ್ಥೆಯ ವಿಭಾಗಗಳು, ಹೊರಗಿನ ಸಂಸ್ಥೆಗಳು, ಗುತ್ತಿಗೆದಾರರ ಮೂಲಕ ಖರ್ಚಾಯಿತು. ಗುಡ್ಡದ ಮೇಲಿನ ಹಳ್ಳಿಗೆ ಅದರಲ್ಲಿ ಎಷ್ಟು ತಲುಪಿರಬಹುದು, ನೀವೇ ಲೆಕ್ಕ ಹಾಕಿ.

ಹಾಗಂತ ಹೊರಗಿನ ದುಡ್ಡೆಲ್ಲ ಹಾಳು ಅಂತ ನಾನು ಹೇಳಲ್ಲ. ಅದೇ ಹೈಟಿಯಲ್ಲಿ ಅದೇ ಅಮೆರಿಕದ ದುಡ್ಡಿನಿಂದ ಒಂದು ಒಳ್ಳೇ ಕೆಲಸವೂ ಆಗಿದೆ. ತೋಟಗಾರಿಕೆ ಓದಿದವರೆಲ್ಲ ತಿಳಿದುಕೊಳ್ಳಬೇಕಾದ ಕಥೆ ಇದು.

ಹೈಟಿಯ ಗುಡ್ಡಗಳು ಬೋಳಾಗಿವೆ, ಮಣ್ಣು ಕೊಚ್ಚಿಹೋಗುತ್ತಿದೆ ಅಂತ ವರ್ಷಗಟ್ಟಲೆ ಸಸಿ ನೆಡಿಸುವ ಯೋಜನೆಗಳು ಬಂದವು. ಸಸಿ ನಿಲ್ಲಲೇ ಇಲ್ಲ. ರೈತರೇ ಕಿತ್ತರು, ಇಲ್ಲವೇ ಮೇಕೆ ತಿನ್ನಲು ಬಿಟ್ಟರು. ಅಜ್ಞಾನ ಅಂದರು ಅಧಿಕಾರಿಗಳು. ಅಲ್ಲಿ ಇದ್ದು ಹಳ್ಳಿಗರ ಜೀವನ ಅಧ್ಯಯನ ಮಾಡಿದ್ದ ಮಾನವಶಾಸ್ತ್ರಜ್ಞ ಜೆರಾಲ್ಡ್ ಮರ್ರೆ ಕಂಡದ್ದೇ ಬೇರೆ. ಮರ ಬೆಳೆದರೆ ಅದು ಸರ್ಕಾರದ್ದಾಗುತ್ತೆ, ಮರದ ಜೊತೆ ಜಮೀನೂ ಹೋಗುತ್ತೆ ಅನ್ನೋ ಭಯ ರೈತರಿಗಿತ್ತು. 1981ರಲ್ಲಿ ಶುರುವಾದ ಯೋಜನೆಯಲ್ಲಿ ಅವರು ಈ ಲೆಕ್ಕವನ್ನೇ ತಿರುಗಿಸಿದರು: ಮರ ನಿಮ್ಮದು, ಇದೂ ಒಂದು ಬೆಳೆ, ಇದ್ದಿಲಿಗೋ ಕಂಬಕ್ಕೋ ಯಾವಾಗ ಬೇಕಾದರೂ ಕಡಿಯಿರಿ, ಯಾರೂ ಕೇಳಲ್ಲ. ಕೊಟ್ಟ ಜಾತಿಗಳು ನಮಗೂ ಗೊತ್ತಿರುವವೇ, ಸುಬಾಬುಲ್, ಬೇವು, ಸರ್ವೆ. ದೊಡ್ಡ ಪಾಲಿಥಿನ್ ಚೀಲದ ಸಸಿ ಹೊತ್ತು ಗುಡ್ಡ ಹತ್ತೋದು ಕಷ್ಟ ಅಂತ, ಒಬ್ಬರೇ ನೂರಾರು ಸಸಿ ಒಯ್ಯಬಹುದಾದ ಹಗುರ ಪಾತ್ರೆಗಳಲ್ಲಿ ಬೆಳೆಸಿದರು. ಬದುವಿನ ಮೇಲೆ, ಜೋಳ ತೊಗರಿ ನಡುವೆ, ಎಲ್ಲಿ ಬೇಕಾದರೂ ನೆಡಲಿ ಅಂತ ಬಿಟ್ಟರು. ನಾಲ್ಕು ವರ್ಷದಲ್ಲಿ ಸುಮಾರು 2 ಕೋಟಿ ಸಸಿ ನೆಟ್ಟರು, ಹಾಕಿಕೊಂಡ ಗುರಿಗಿಂತ ಎಷ್ಟೋ ಪಟ್ಟು. ನೆಟ್ಟದ್ದೆಲ್ಲ ಉಳಿಯಲಿಲ್ಲ, ಎಲ್ಲಿ ತಾನೇ ಉಳಿಯುತ್ತೆ. ಆದರೆ ಕಡಿಯುವ ಹಕ್ಕು ಸಿಕ್ಕ ಮೇಲೆ ಎಷ್ಟೋ ಜನ ಬೇಗ ಕಡಿಯಲಿಲ್ಲ, ಕಷ್ಟಕಾಲಕ್ಕೆ ಇರಲಿ ಅಂತ ನಿಲ್ಲಿಸಿಕೊಂಡರು. ಹಂದಿ ಹೋದ ಜಾಗದಲ್ಲಿ ಮರ ಬ್ಯಾಂಕಾಯಿತು ಅನ್ನಿ.

ಇದು ನಮಗೆ ಹೊಸದಲ್ಲ. ನಮ್ಮ ಹೊಲದಲ್ಲಿ ತಾನೇ ಹುಟ್ಟಿದ ಶ್ರೀಗಂಧದ ಸಸಿಯನ್ನು ನಮ್ಮ ಹಿರಿಯರು ಯಾಕೆ ಕಿತ್ತೆಸೆಯುತ್ತಿದ್ದರು? ಮರ ಸರ್ಕಾರದ್ದು, ಕಾಯುವ ಕರ್ಮ, ಕಳುವಾದರೆ ಕೇಸು ನಮ್ಮ ಮೇಲೆ. 2001ರಲ್ಲಿ ಕರ್ನಾಟಕದ ಕಾನೂನು ತಿದ್ದುಪಡಿಯಾಗಿ ಜಮೀನಿನವನೇ ಮಾಲೀಕ ಅಂತ ಆದ ಮೇಲೆ ತಾನೇ ನರ್ಸರಿಗಳ ಮುಂದೆ ಗಂಧದ ಸಸಿಗೆ ಕ್ಯೂ ಶುರುವಾದದ್ದು.

ನಾನೂ ಈ ತಪ್ಪು ಮಾಡಿದವನೇ. ಡಿಗ್ರಿ ಮುಗಿಸಿದ ಹೊಸದರಲ್ಲಿ ಒಂದು ಸಂಸ್ಥೆಯ ಪರವಾಗಿ ಒಣಭೂಮಿಯ ಹಳ್ಳಿಯೊಂದಕ್ಕೆ ಲಾರಿ ತುಂಬ ಕಸಿ ಮಾವಿನ ಸಸಿ ಹಂಚಿದ್ದೆ. ಫೋಟೋ ಎಲ್ಲ ಚೆನ್ನಾಗಿ ಬಂತು. ಮುಂದಿನ ಬೇಸಿಗೆಗೆ ಹೋದರೆ ಗುಂಡಿಗಳಷ್ಟೇ ಇದ್ದವು. ಒಬ್ಬ ಅಜ್ಜಿ ಬೈಯಲೂ ಇಲ್ಲ, “ನಿನ್ ಗಿಡ ಚೆನ್ನಾಗೇ ಇತ್ತು ಕಣಪ್ಪಾ, ನೀರು ಯಾರು ಹೊರ್ತಾರೆ ಅಂತ ನೀನು ಕೇಳ್ಲೇ ಇಲ್ವಲ್ಲ” ಅಂದಳು. ವರದಿಯಲ್ಲಿ ನಾನು ಬರೆದ ಕಾರಣ ಮಳೆ ಕೊರತೆ.

ಈಗ ಹೈಟಿಯ ಹಳ್ಳಿಗರು ತಾವೇ ಏನು ಮಾಡಿಕೊಂಡಿದ್ದಾರೆ ನೋಡೋಣ. ಅಲ್ಲಿ ಕೊಂಬಿಟ್ ಅಂತ ಒಂದು ಪದ್ಧತಿ ಇದೆ. ಇವತ್ತು ನಿನ್ನ ಹೊಲಕ್ಕೆ ನಾವೆಲ್ಲ, ನಾಳೆ ನನ್ನ ಹೊಲಕ್ಕೆ ನೀವೆಲ್ಲ. ನಮ್ಮ ಮುಯ್ಯಾಳು ಥರವೇ. ಊಟ ಹೊಲದವರದು, ಜೊತೆಗೆ ಹಾಡು, ತಮಟೆ. ಇದರ ಬೇರಿನ ಮೇಲೆ ಹತ್ತು ಹದಿನೈದು ಜನರ ಸಣ್ಣ ರೈತ ಗುಂಪುಗಳನ್ನು ಕಟ್ಟಿದ್ದಾರೆ. 1973ರಲ್ಲಿ ಷಾವಾನ್ ಜಾನ್-ಬಾತಿಸ್ತ್ ಶುರು ಮಾಡಿದ ಪಪಾಯ್ ರೈತ ಚಳವಳಿ ಇಂಥ ಗುಂಪುಗಳಿಂದಲೇ ಬೆಳೆದು ದೇಶದ ದೊಡ್ಡ ರೈತ ಸಂಘಟನೆಗಳಲ್ಲಿ ಒಂದಾಯಿತು.

ಉಳಿತಾಯಕ್ಕೆ ಅವರು ಮಾಡಿಕೊಂಡ ವ್ಯವಸ್ಥೆಯೇ ನನಗೆ ತುಂಬ ಇಷ್ಟವಾದದ್ದು. ಮೂರು ಪೆಟ್ಟಿಗೆ. ಹಸಿರು ಪೆಟ್ಟಿಗೆಗೆ ಸದಸ್ಯರು ಸಭೆ ಸಭೆಗೂ ದುಡ್ಡು ಹಾಕುತ್ತಾರೆ, ಬೀಜಕ್ಕೋ ವ್ಯಾಪಾರಕ್ಕೋ ಸಾಲ ಅದರಿಂದ. ಕೆಂಪು ಪೆಟ್ಟಿಗೆ ಕಾಯಿಲೆ, ಸಾವು, ಬಿರುಗಾಳಿಗೆ. ಹೊರಗಿನಿಂದ ಬಂದ ಹಣಕ್ಕೆ ನೀಲಿ ಪೆಟ್ಟಿಗೆ. ಮೂರನ್ನೂ ಬೆರೆಸೋ ಹಾಗಿಲ್ಲ. ಹಸಿರು, ಕೆಂಪು ಸರಿಯಾಗಿ ನಡೆದು ಲೆಕ್ಕ ಗಟ್ಟಿಯಾದ ಮೇಲೆ ನೀಲಿಯ ಮಾತು. ನಮ್ಮ ಸ್ವಸಹಾಯ ಸಂಘಗಳನ್ನು ಹತ್ತಿರದಿಂದ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ. ಸಬ್ಸಿಡಿ ಬರುತ್ತೆ ಅಂತ ರಾತ್ರೋರಾತ್ರಿ ಹುಟ್ಟಿ, ಸಬ್ಸಿಡಿ ಬಂದ ತಿಂಗಳೇ ಮಲಗಿದ ಸಂಘಗಳು ನಿಮ್ಮ ಊರಲ್ಲೂ ಇರಬೇಕಲ್ಲ? ಅಲ್ಲಿ ನೀಲಿ ಪೆಟ್ಟಿಗೆ ಮೊದಲು ಬಂತು, ಅಷ್ಟೇ ಆಗಿದ್ದು.

ಪೆಟ್ಟಿಗೆ ತಮ್ಮದಾದರೆ ಬೇಡ ಅನ್ನುವ ಧೈರ್ಯವೂ ಬರುತ್ತೆ. 2010ರಲ್ಲಿ ಮಾನ್ಸಾಂಟೊ ಕಂಪನಿ 475 ಟನ್ ಹೈಬ್ರಿಡ್ ಮೆಕ್ಕೆಜೋಳ, ತರಕಾರಿ ಬೀಜ ದಾನ ಮಾಡ್ತೀವಿ ಅಂದಾಗ ಪಪಾಯ್ ಚಳವಳಿಯ ರೈತರು ಜೂನ್ 4ರಂದು ಎನ್ಶ್ ಪಟ್ಟಣದಲ್ಲಿ ಮೆರವಣಿಗೆ ಮಾಡಿ ಬೀಜ ಸುಟ್ಟರು. ನಾನು ಸಾವಯವದವನು ಅಂತ ಚಪ್ಪಾಳೆ ಹೊಡೀತಿದ್ದೀನಿ ಅಂದ್ಕೋಬೇಡಿ, ಹೈಬ್ರಿಡ್ ಬೆಳೆದು ಬದುಕಿದ ರೈತರು ನನ್ನ ನೆಂಟರಲ್ಲೇ ಇದ್ದಾರೆ. ವಿಷಯ ಬೇರೆ. ಭೂಕಂಪದ ನಂತರ ರಾಜಧಾನಿಯಿಂದ ಲಕ್ಷಗಟ್ಟಲೆ ಜನ ಹಳ್ಳಿಗೆ ಮರಳಿದ್ದರು. ಅವರಿಗೆ ಉಣಿಸಿ ರೈತರ ದುಡ್ಡು, ಬಿತ್ತನೆಗೆ ಇಟ್ಟ ಕಾಳು ಎರಡೂ ಕರಗಿದ್ದವು. ಸಂತೆಯಲ್ಲಿ ಊರ ಬೀಜ ಇತ್ತು, ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಕಾಸು ಬೇಕಾದವನಿಗೆ ಬೀಜ, ಅದೂ ಮುಂದಿನ ವರ್ಷ ಎತ್ತಿಟ್ಟು ಬಿತ್ತಿದರೆ ಅದೇ ಇಳುವರಿ ಕೊಡದ ಬೀಜ ಕೊಟ್ಟರೆ ಏನಾಗಬೇಕು?

ಹಳ್ಳಿಯವರು ಅಂದ ಮಾತ್ರಕ್ಕೆ ಎಲ್ಲ ಸಾಚಾ ಅಂತಲೂ ಅಲ್ಲ. ಅಲ್ಲೂ ದೊಡ್ಡ ಹಿಡುವಳಿದಾರರಿದ್ದಾರೆ, ಸಭೆಯಲ್ಲಿ ಜೋರಾಗಿ ಮಾತಾಡಿ ಸವಲತ್ತು ಹೊಡೆಯುವವರಿದ್ದಾರೆ. ಗುಂಪು ಸಣ್ಣದಿದ್ದರೆ, ಪ್ರತಿಯೊಬ್ಬರ ಸಾಲ ಪ್ರತಿಯೊಬ್ಬರಿಗೂ ಗೊತ್ತಿದ್ದರೆ, ಅದು ಕಡಿಮೆಯಾಗುತ್ತೆ. ಪೂರ್ತಿ ಹೋಗಲ್ಲ. ಹಾಗೇ ಗುಂಪಿನ ಕೈಗೆ ಮೀರಿದ ಕೆಲಸಗಳೂ ಇವೆ. 1990ರ ದಶಕದಲ್ಲಿ ಅಕ್ಕಿಯ ಆಮದು ಸುಂಕ ಶೇ. 3ಕ್ಕೆ ಇಳಿದು ಅಮೆರಿಕದ ಅಗ್ಗದ ಅಕ್ಕಿ ನುಗ್ಗಿದಾಗ ಆರ್ಟಿಬೊನೀಟ್ ಕಣಿವೆಯ ಭತ್ತದ ರೈತರು ಯಾವ ಪೆಟ್ಟಿಗೆಯಿಂದ ತಡೆಯಬೇಕಿತ್ತು? ಅದು ತಪ್ಪಾಗಿತ್ತು ಅಂತ ಬಿಲ್ ಕ್ಲಿಂಟನ್ 2010ರಲ್ಲಿ ಒಪ್ಪಿಕೊಂಡರು. ಒಪ್ಪಿಕೊಂಡದ್ದಕ್ಕೆ ಭತ್ತದ ಬೆಲೆ ಏರಲಿಲ್ಲ. ಸುಂಕ, ರಸ್ತೆ, ಲಸಿಕೆ ಇಂಥದ್ದಕ್ಕೆ ಹೊರಗಿನವರು ದುಡಿಯಲಿ, ಓದಿದವರು ವಾದ ಮಾಡಲಿ.

2021ರಲ್ಲಿ ಅಧ್ಯಕ್ಷರ ಹತ್ಯೆಯಾದ ಮೇಲೆ ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನ ಬಹುಪಾಲು ಬಂದೂಕಿನ ಗುಂಪುಗಳ ಹಿಡಿತಕ್ಕೆ ಹೋಗಿದೆ. ಹೆದ್ದಾರಿಗಳಲ್ಲಿ ಸುಂಕ ವಸೂಲಿ ಅವರದೇ. ಹಳ್ಳಿಯ ತರಕಾರಿ, ಕಾಳು ಹೊತ್ತು ಪೇಟೆಗೆ ಒಯ್ಯುವ ಮಾದಾನ್ ಸಾರಾ ಅನ್ನೋ ವ್ಯಾಪಾರಿ ಹೆಂಗಸರು ಜೀವ ಕೈಯಲ್ಲಿ ಹಿಡಿದು ಓಡಾಡುತ್ತಾರೆ. 2025ರಲ್ಲಿ ಅಮೆರಿಕದ ನೆರವು ಸಂಸ್ಥೆಯೇ ಬಾಗಿಲು ಮುಚ್ಚಿತು. ಹೊರಗಿನ ಕಚೇರಿ, ಜೀಪು ನಂಬಿದ ಕೆಲಸ ನಿಂತುಹೋಗುವ ಕಾಲ ಇದು. ಗುಡ್ಡದ ಮೇಲೆ ಯಾವತ್ತೂ ಇರುವವರು ಅಲ್ಲಿನವರೇ.

ಹಾಗಾಗಿ ಇನ್ನೊಮ್ಮೆ ಹೈಟಿಯ ಹೆಸರಲ್ಲಿ ಲಿಂಕ್ ಬಂದರೆ ಒತ್ತುವ ಮುಂಚೆ ಆ ಸಂಸ್ಥೆಗೆ ಒಂದು ಮೆಸೇಜ್ ಹಾಕಿ. ಹಳ್ಳಿಯಲ್ಲಿ ನೀವು ಯಾವ ರೈತ ಗುಂಪಿನ ಜೊತೆ ಕೆಲಸ ಮಾಡ್ತೀರಿ, ಆ ಗುಂಪು ನೀವು ಬರುವ ಮುಂಚೆಯೇ ಇತ್ತಾ, ಈ ವರ್ಷ ಏನು ಮಾಡಬೇಕು ಅಂತ ತೀರ್ಮಾನಿಸಿದ್ದು ಯಾರು, ಅವರು ಬೇಡ ಅಂದದ್ದನ್ನು ನೀವು ಕೈಬಿಟ್ಟ ಒಂದು ಉದಾಹರಣೆ ಹೇಳಿ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಬಂದರೆ ಮಾತ್ರ ನಾನು ದುಡ್ಡು ಹಾಕ್ತೀನಿ. ಪಕ್ಕದ ತಾಲ್ಲೂಕಿಗೆ ಸಸಿ ಹಂಚಲು ಕರೆದರೂ ಈಗ ಅದನ್ನೇ ಕೇಳೋದು. ಕೆಲವರು ಕರೆಯೋದು ಬಿಟ್ಟಿದ್ದಾರೆ.