ಮೂಲೆಯಲ್ಲೊಂದು ಕಹಳೆ

ಊರಹಬ್ಬದ ದಿನ ದೀಪದ ಕಂಬಕ್ಕೆ ಕಟ್ಟಿದ ತಗಡಿನ ಕಹಳೆಯನ್ನು ಕೇಳಿ ಕಿವಿ ಮುಚ್ಚಿಕೊಳ್ಳದವರು ನಮ್ಮಲ್ಲಿ ಯಾರು? ಅಂಥದೇ ಕಹಳೆಯ ಧ್ವನಿವರ್ಧಕವೊಂದನ್ನು ಮನೆಯಲ್ಲಿ ಕಟ್ಟುತ್ತೇನೆಂದು ಮಗನು ಹಟ ಹಿಡಿದರೆ ತಾಯಿ ಗಾಬರಿಗೊಳ್ಳುವುದು ಸಹಜವೇ. ಮಗನ ಪರವಾಗಿ ಹೇಳಬೇಕಾದ ಮಾತು ಕೆಲವು ಉಂಟು. ತಾಯಿಯ ಪರವಾಗಿಯೂ ಒಂದೆರಡು ಉಂಟು.

ಹೊಲದಾಚೆ ಇರುವವನನ್ನು ಕರೆಯುವಾಗ ನಾವು ಎರಡು ಕೈಗಳನ್ನೂ ಬಾಯಿಗೆ ಅಡ್ಡ ಹಿಡಿದು ಕೂಗುತ್ತೇವಷ್ಟೆ. ಕಹಳೆಯ ಗುಟ್ಟು ಅದರಲ್ಲಿಯೇ ಇದೆ. ಸಾಧಾರಣ ಧ್ವನಿವರ್ಧಕದ ಕಾಗದದ ಶಂಕು ತನ್ನೆದುರಿನ ಗಾಳಿಯನ್ನು ತಳ್ಳಲು ಹವಣಿಸುತ್ತದೆ. ಹಗುರವಾದ ಗಾಳಿ ಹಿಡಿತಕ್ಕೆ ಸಿಕ್ಕದೆ ಪಕ್ಕಕ್ಕೆ ಜಾರಿಬಿಡುತ್ತದೆ. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ನಾದವಾಗಿ, ಮಿಕ್ಕುದೆಲ್ಲ ಬಿಸಿಯಾಗಿ ಹೋಗುವುದು ಸಾಮಾನ್ಯ. ಕಿರಿದಾದ ಕಂಠದಿಂದ ಹೊರಟು ಕ್ರಮಕ್ರಮವಾಗಿ ಅಗಲಿಸುವ ಕಹಳೆಯಾದರೋ ಗಾಳಿಯನ್ನು ಜಾರಗೊಡದೆ ಹಿಡಿದುಕೊಡುತ್ತದೆ. ಆಗ ನೂರಕ್ಕೆ ಹತ್ತು ಪಾಲು, ಚೆನ್ನಾಗಿ ಕಟ್ಟಿದ್ದರೆ ಅದಕ್ಕೂ ಹೆಚ್ಚು, ನಾದವಾಗಿ ಹೊರಬರುತ್ತದೆ. ಒಂದೆರಡು ವಾಟಿನ ಪುಟ್ಟ ಆಂಪ್ಲಿಫೈಯರೇ ಮನೆಗೆ ಧಾರಾಳ. ಒಳಗಿನ ಪೊರೆಯೂ ಹೆಚ್ಚು ಕುಣಿಯಬೇಕಾಗಿಲ್ಲವಾದ್ದರಿಂದ ಸ್ವರ ಕೆಡುವುದು ಕಡಿಮೆ. ಮೃದಂಗದ ಒಂದು ಪೆಟ್ಟು ಪೆಟ್ಟಾಗಿಯೇ ಕೇಳುತ್ತದೆ.

ಹಾಗಾದರೆ ಕಂಬದ ಕಹಳೆ ಕಿರುಚುವುದೇಕೆ? ದೋಷ ಕಹಳೆಯ ಜಾತಿಯದಲ್ಲ, ಅದರ ಗಾತ್ರದ್ದು. ಒಂದು ಸ್ವರವನ್ನು ಸರಿಯಾಗಿ ಹೊರಗೆ ಕಳುಹಿಸಬೇಕಾದರೆ ಬಾಯಿಯ ಸುತ್ತಳತೆ ಆ ಸ್ವರದ ಅಲೆಯುದ್ದದಷ್ಟಾದರೂ ಇರಬೇಕೆಂಬುದು ಸ್ಥೂಲವಾದ ನಿಯಮ. ಒಂದೂವರೆ ಅಡಿ ಬಾಯಿಯ ಕಹಳೆಗೆ ಸೆಕೆಂಡಿಗೆ 240 ಕಂಪನಗಳ ಕೆಳಗೆ ಕಸುವಿಲ್ಲ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡುಕಂಠದ ಷಡ್ಜವೇ ಸುಮಾರು 130 ಕಂಪನ. ಗಾಯಕನ ಆಧಾರಷಡ್ಜವನ್ನೇ ಕತ್ತರಿಸಿ ಊರಿಗೆಲ್ಲ ಹಂಚುವ ಯಂತ್ರ ಅದು! ಕೂಗಿ ಹೇಳುವ ಪ್ರಕಟಣೆಗೆ ಸರಿ, ಸಂಗೀತಕ್ಕಲ್ಲ.

ಸಂಗೀತಕ್ಕೆ ಬೇಕಾದುದು ಎಷ್ಟು ದೊಡ್ಡದು? 50 ಕಂಪನದ ಮಂದ್ರಸ್ವರದ ಅಲೆ ಸುಮಾರು 7 ಮೀಟರ್ ಉದ್ದ. ಬಾಯಿಯ ಅಗಲ 2 ಮೀಟರಿಗೂ ಮೀರಬೇಕು. ಇದನ್ನು ಅಕ್ಷರಶಃ ನಡೆಸಿ ತೋರಿಸಿದವರೂ ಉಂಟು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಡೆನ್ಮನ್ ಎಂಬವರು 1929ರಲ್ಲಿ 27 ಅಡಿ ಉದ್ದದ, 7 ಅಡಿ ಚದರ ಬಾಯಿಯ ಕಹಳೆಯನ್ನು ಕಟ್ಟಿಸಿದರು. ಅದು 1949ರಲ್ಲಿ ಕಟ್ಟಡ ಕೆಡವುವಾಗ ನಾಶವಾಯಿತು. 2014ರಲ್ಲಿ ಅದೇ ಅಳತೆಗೆ ಮತ್ತೆ ಕಟ್ಟಿ ಜನರಿಗೆ ಕೇಳಿಸಿದರು. ವಸ್ತುಸಂಗ್ರಹಾಲಯಕ್ಕೆ ಸರಿಹೋದುದು ನಡುಮನೆಗೆ ಹೋಗುವುದೆಂತು?

ಇಲ್ಲಿ ಇಬ್ಬರು ಪಾಲ್‌ಗಳನ್ನು ನೆನೆಯಬೇಕು. ಇಂಗ್ಲೆಂಡಿನ ಪಾಲ್ ವಾಯ್ಟ್ 1930ರ ದಶಕದಲ್ಲಿಯೇ ಮನೆಯ ಮೂಲೆಯಲ್ಲಿ ನಿಲ್ಲುವ ಕಹಳೆಯನ್ನು ಮಾರಾಟಕ್ಕೆ ತಂದರು. ಅಮೆರಿಕದ ಅರ್ಕಾನ್ಸಾ ಸಂಸ್ಥಾನದ ಹೋಪ್ ಎಂಬ ಚಿಕ್ಕ ಊರಿನಲ್ಲಿ ಪಾಲ್ ಕ್ಲಿಪ್ಷ್ 1946ರಲ್ಲಿ ಉದ್ಯಮ ಆರಂಭಿಸಿ, ದಾರಿಯನ್ನು ಮಡಿಸಿ ಮಡಿಸಿ ಪೆಟ್ಟಿಗೆಯೊಳಗಿಟ್ಟ ಮೂಲೆಯ ಕಹಳೆಯನ್ನು ಕಟ್ಟಿದರು. ಯುಕ್ತಿ ಸರಳ: ಎರಡು ಗೋಡೆ ಮತ್ತು ನೆಲ ಕೂಡುವ ಮೂಲೆಯೇ ಒಂದು ಕಹಳೆ. ಬಯಲಿನಲ್ಲಿ ಬೇಕಾಗುವ ಬಾಯಿಯ ಎಂಟನೆಯ ಒಂದು ಪಾಲು ಅಲ್ಲಿ ಸಾಕು. 50 ಕಂಪನಕ್ಕೂ ಸುಮಾರು 70 ಸೆಂಟಿಮೀಟರ್ ಚದರ ಬಾಯಿ. ಮಿಕ್ಕುದನ್ನು ಗೋಡೆಗಳೇ ನಡೆಸಿಕೊಡುತ್ತವೆ. ಅಮೆರಿಕದ ಮರದ ಚೌಕಟ್ಟಿನ ತೆಳುಗೋಡೆಗಳಿಗಿಂತ ನಮ್ಮ ಇಟ್ಟಿಗೆಯ ಗೋಡೆಗಳು ಈ ಕೆಲಸಕ್ಕೆ ಹೆಚ್ಚು ಯೋಗ್ಯ. ಆದರೆ ಮೂಲೆಯಿಂದ ಒಂದು ಮೀಟರಿನೊಳಗೆ ಬಾಗಿಲೋ ಕಿಟಕಿಯೋ ಇದ್ದರೆ ಆ ಲಾಭ ಅಲ್ಲಿಗೆ ಸೋರಿಹೋಯಿತು.

ಮೊದಲ ಸಲ ಕೈಹಾಕುವವನು ಮಂದ್ರದ ಕಹಳೆಗೆ ಹೋಗಬಾರದೆಂದೇ ನನ್ನ ಅಭಿಪ್ರಾಯ. ಮಧ್ಯಸ್ವರಗಳ ಕಹಳೆಯಿಂದ ಆರಂಭಿಸಲಿ. ಕೆಳಗಿನ ಸ್ವರಗಳನ್ನು ಸದ್ಯಕ್ಕೆ ಸಾಧಾರಣ ಪೆಟ್ಟಿಗೆಯೊಂದು ನೋಡಿಕೊಳ್ಳಲಿ. 300 ಕಂಪನಕ್ಕೆ ಲೆಕ್ಕ ಹಾಕಿದ ಕಹಳೆಯ ಒಳವಿಸ್ತೀರ್ಣ ಪ್ರತಿ 6 ಚಿಲ್ಲರೆ ಸೆಂಟಿಮೀಟರಿಗೊಮ್ಮೆ ಇಮ್ಮಡಿಯಾಗಬೇಕು. ಇಮ್ಮಡಿಯಾಗಬೇಕಾದುದು ವಿಸ್ತೀರ್ಣವೇ ಹೊರತು ವ್ಯಾಸವಲ್ಲ. ಕಂಠ 2.5 ಸೆಂಟಿಮೀಟರ್ ಇದ್ದರೆ ಮುಂದೆ 3.5, 5, 7, 10 ಹೀಗೆ ಬೆಳೆದು ಎಂಟನೆಯ ಮೆಟ್ಟಿಲಿಗೆ 40ಕ್ಕೆ ಮುಟ್ಟುತ್ತದೆ. ಒಟ್ಟು ಉದ್ದ ಅರ್ಧ ಮೀಟರು. ಅಚ್ಚಿನ ಮೇಲೆ ಕಾಗದದ ಚೂರುಗಳನ್ನು ಗೋಂದಿನಿಂದ ಪದರಪದರವಾಗಿ ಅಂಟಿಸಿ, ಚೆನ್ನಾಗಿ ಒಣಗಿಸಿ, ಅರಗು ಬಳಿದರೆ ಆಯಿತು. ಲಂಡನ್ನಿನ ಇ.ಎಂ.ಜಿ. ಸಂಸ್ಥೆಯ ಹೆಸರಾಂತ ಗ್ರಾಮಫೋನ್ ಕಹಳೆಗಳೂ ಕಾಗದದ ಮುದ್ದೆಯವೇ. (ಈ ಪತ್ರಿಕೆಯ ಹಳೆಯ ಸಂಚಿಕೆಗಳೂ ಒದಗಿಯಾವು, ಧಾರಾವಾಹಿ ಮುಗಿಯುವ ತನಕ ಮಾತ್ರ ಮನೆಯವರು ಕೊಡಲಾರರು.) ಇಂದು ಲೆಕ್ಕದ ತಲೆನೋವೂ ಇಲ್ಲ, ಹಾರ್ನ್‌ರೆಸ್ಪ್ ಎಂಬ ಉಚಿತ ಗಣಕತಂತ್ರ ಕಾಗದದ ಮೇಲೆ ಗೆರೆ ಎಳೆಯುವ ಮುನ್ನವೇ ಫಲ ಹೇಳುತ್ತದೆ.

ಕಟ್ಟಿದ ಕಹಳೆಯನ್ನು ಉತ್ತಮಪಡಿಸುವ ಬಗೆಯನ್ನೂ ಹೇಳಬೇಕು. ದುಬಾರಿಯ ತಂತಿ, ಕೆಪಾಸಿಟರುಗಳ ಕಡೆಗೆ ಕೈ ಓಡುವುದು ಮನುಷ್ಯಸ್ವಭಾವ. ಅವುಗಳ ಸರದಿ ಕೊನೆಗೆ. ಮೊದಲು ಸೋರಿಕೆ. ಮಂದ್ರಸ್ವರವೊಂದನ್ನು ಎಡೆಬಿಡದೆ ನುಡಿಸಿ, ಹೊತ್ತಿಸಿದ ಊದುಬತ್ತಿಯನ್ನು ಪೆಟ್ಟಿಗೆಯ ಕೂಡುಗೆರೆಗಳ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ನಡುಗಿದೆಡೆ ಅಂಟು ತುಂಬಿರಿ. ಎರಡನೆಯದು, ಕಹಳೆಯ ಗೋಡೆ. ಬೆರಳಿನಿಂದ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಆ ನಾದ ಪ್ರತಿಯೊಂದು ಹಾಡಿಗೂ ಬೆರೆಯುತ್ತದೆ; ಹೊರಮೈಗೆ ಟಾರನ್ನೋ ದಪ್ಪ ಉಣ್ಣೆಬಟ್ಟೆಯನ್ನೋ ಹೊದಿಸಬೇಕು. ಮೂರನೆಯದು ಕಾಲದ ಲೆಕ್ಕ. ಮಂದ್ರದ ಮಡಿಸಿದ ದಾರಿ 2 ಮೀಟರಿದ್ದರೆ ಆ ಸ್ವರ ಮಿಕ್ಕವುಗಳಿಗಿಂತ ಸೆಕೆಂಡಿನ ಸಾವಿರದಲ್ಲಿ 6 ಪಾಲು ತಡವಾಗಿ ಕಿವಿ ಮುಟ್ಟುತ್ತದೆ. ಕ್ಲಿಪ್ಷ್ ಅವರ ಕಾಲಕ್ಕೆ ಇದಕ್ಕೆ ಸುಲಭ ಮದ್ದಿರಲಿಲ್ಲ. ಈಗ ಸಣ್ಣ ಡಿಜಿಟಲ್ ಉಪಕರಣವೊಂದು ತಾರಸ್ವರಗಳನ್ನು ಅಷ್ಟೇ ಹೊತ್ತು ತಡೆದು ನಿಲ್ಲಿಸುತ್ತದೆ. ಕಹಳೆಪ್ರಿಯರಿಗೆ ಈ ಕಾಲ ಕೊಟ್ಟ ದೊಡ್ಡ ಕಾಣಿಕೆ ಇದೇ ಎಂದು ನಾನು ಎಣಿಸುತ್ತೇನೆ.

ಇನ್ನು ತಾಯಿಯ ಪಕ್ಷ. 1946ರಲ್ಲಿ ಸಂಗೀತ ಒಂದೇ ಕಡೆಯಿಂದ ಬರುತ್ತಿತ್ತು. ಒಂದು ಮೂಲೆ ಸಾಕಾಗಿತ್ತು. 1958ರಲ್ಲಿ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದಮೇಲೆ ಎರಡು ಮೂಲೆ ಬೇಕಾಯಿತು, ಅದೂ ಒಂದೇ ಗೋಡೆಯ ಎರಡು ತುದಿಗಳಲ್ಲಿ. ನಮ್ಮ ನಡುಮನೆಗಳಲ್ಲಿ ಅಂಥ ಮೂಲೆಗಳ ಒಂದರಲ್ಲಿ ಬೀರು, ಇನ್ನೊಂದರಲ್ಲಿ ಹಾಸಿಗೆಯ ಸುರುಳಿಯೋ ಅಜ್ಜಿಯ ಕುರ್ಚಿಯೋ ಇದ್ದೇ ಇರುತ್ತದೆ. ಆದ್ದರಿಂದ ಮಗನು ಪ್ಲೈವುಡ್ಡಿನ ಅಂಗಡಿಗೆ ಹೊರಡುವ ಮುನ್ನ ರಟ್ಟಿನಿಂದ ಅದೇ ಅಳತೆಯ ಎರಡು ಪೆಟ್ಟಿಗೆಗಳನ್ನು ಮಾಡಿ, ಆ ಮೂಲೆಗಳಲ್ಲಿ ಹದಿನೈದು ದಿನ ನಿಲ್ಲಿಸಿಡಲಿ. ಕಸ ಗುಡಿಸುವವರೂ ಅಜ್ಜಿಯೂ ಏನೆನ್ನುತ್ತಾರೆಂಬುದನ್ನು ಕೇಳಿಕೊಂಡು ಆಮೇಲೆ ಮರ ಕೊಳ್ಳಬಹುದು.